ಚಿಪ್ಪುಜೀವಿಗಳ ರಕ್ತಕಣಗಳು ರೋಗವನ್ನು ಎದುರಿಸುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೆಚ್ಚಿನ ಉತ್ತರಗಳು ಎರಡು ಚಿಪ್ಪಿನ ಜೀವಿಗಳಾದ ಸಿಂಪಿ, ಬಳಚು, ಪಚ್ಚಿಲೆಗಳಿಗೆ ಸಂಬಂಧಿಸಿದವು. ಸಿಗಡಿ ಮತ್ತು ಏಡಿಗಳ ರಕ್ಷಣಾ ವ್ಯವಸ್ಥೆ ಬೇರೆ ದಾರಿ ಹಿಡಿದಿರುವುದರಿಂದ ಅವುಗಳ ವಿಷಯ ಕೊನೆಯ ಕಡೆಗೆ ಬರುತ್ತದೆ. ಪ್ರಯೋಗಾಲಯದ ಪ್ರಶ್ನೆಗಳಿಗೆ ಅಳತೆಗಳ ಸಮೇತ ಉತ್ತರಿಸಿದ್ದೇವೆ.

ಸಿಂಪಿಗೆ ರಕ್ತ ಇದೆಯೇ?

ಇದೆ, ಆದರೆ ಕೆಂಪಗಿಲ್ಲ. ಹೃದಯದಿಂದ ಹೊರಟ ದ್ರವ ರಕ್ತನಾಳಗಳ ತುದಿಯಲ್ಲಿ ಅಂಗಗಳ ನಡುವಿನ ಸಂದುಗಳಿಗೆ ಸುರಿದು, ಅಲ್ಲೆಲ್ಲ ಹರಿದಾಡಿ, ಕಿವಿರುಗಳ ಮೂಲಕ ಮತ್ತೆ ಹೃದಯಕ್ಕೆ ಬರುತ್ತದೆ. ಇದಕ್ಕೆ ಹೀಮೋಲಿಂಫ್ ಎಂದು ಹೆಸರು. ಸಿಂಪಿಯಲ್ಲಿ ಅದು ಬಹುತೇಕ ಬಣ್ಣವಿಲ್ಲದ, ತುಸು ಮಸುಕಾದ ದ್ರವ. ಅದರಲ್ಲಿ ತೇಲುವ ಕಣಗಳೇ ಹೀಮೋಸೈಟ್‌ಗಳು. ಒಂದು ಮಿಲಿಲೀಟರಿನಲ್ಲಿ ಕೆಲವು ಲಕ್ಷದಿಂದ ಐವತ್ತು ಲಕ್ಷದವರೆಗೆ ಸಿಗುವುದು ಸಾಮಾನ್ಯ. ಆಂಧ್ರದ ಕಾಕಿನಾಡ ಕೊಲ್ಲಿಯಲ್ಲಿ ಹಿಡಿಯುವ ಅನಡಾರ ಗ್ರಾನೋಸ ಎಂಬ ಚಿಪ್ಪಿನ ರಕ್ತ ಮಾತ್ರ ನಿಜವಾಗಿಯೂ ಕೆಂಪು. ಅದರ ಕಣಗಳೊಳಗೆ ಹಿಮೋಗ್ಲೋಬಿನ್ ಇದೆ.

ಈ ಕಣಗಳ ಕೆಲಸ ರೋಗದೊಡನೆ ಹೋರಾಡುವುದಷ್ಟಕ್ಕೇ ನಿಲ್ಲುವುದಿಲ್ಲ. ಗಾಯ ಮುಚ್ಚುವುದು, ಆಹಾರದ ಅಂಶಗಳನ್ನು ಸಾಗಿಸುವುದು, ಚಿಪ್ಪು ರಿಪೇರಿ, ಲೋಹಗಳನ್ನು ಹಿಡಿದಿಡುವುದು, ಇವೂ ಅವುಗಳ ಪಾಲಿಗೇ ಬಂದಿವೆ. ತಾಮ್ರದಿಂದ ಕಲುಷಿತವಾದ ಅಳಿವೆಗಳಲ್ಲಿ ಸಿಂಪಿಯ ಮಾಂಸ ಹಸಿರಾಗುವುದೂ ಇದರಿಂದಲೇ. ಆ ತಾಮ್ರ ಬಹುಪಾಲು ಹೀಮೋಸೈಟ್‌ಗಳ ಹರಳುಗಳಲ್ಲಿ ಕೂತಿರುತ್ತದೆ.

ಇವುಗಳಲ್ಲಿ ಎಷ್ಟು ಬಗೆ?

ವರ್ಗೀಕರಣದ ಬಗ್ಗೆ ಪರಿಣತರು ಇನ್ನೂ ಜಗಳವಾಡುತ್ತಾರೆ. ಕೆಲಸಕ್ಕೆ ಎರಡು ಬಗೆ ಸಾಕು. ಒಳಗೆ ಹರಳುಗಳು ತುಂಬಿರುವ ಗ್ರಾನ್ಯುಲೋಸೈಟ್‌ಗಳು ಹೆಚ್ಚು ಚುರುಕು. ನುಂಗುವುದರಲ್ಲೂ ಕೊಲ್ಲುವುದರಲ್ಲೂ ಇವೇ ಮುಂದು. ಹರಳು ಕಡಿಮೆ ಇರುವ ಅಥವಾ ಇಲ್ಲದ ಹಯಾಲಿನೋಸೈಟ್‌ಗಳು ಅಷ್ಟಾಗಿ ನುಂಗುವುದಿಲ್ಲ. ಒಂದಕ್ಕೊಂದು ಅಂಟಿಕೊಂಡು ಗಾಯ ಮುಚ್ಚುವ ಕೆಲಸದಲ್ಲಿ ಕಾಣಿಸಿಕೊಳ್ಳುತ್ತವೆ. ಇವೆರಡರ ನಡುವೆ, ಕೋಶಕೇಂದ್ರವೇ ದೊಡ್ಡದಾಗಿರುವ ಎಳೆಯ ಕಣಗಳೂ ಸಿಗುತ್ತವೆ.

ಇವು ರೋಗಾಣುವನ್ನು ನುಂಗುತ್ತವೆ ಎಂಬುದು ತಿಳಿದದ್ದು ಯಾವಾಗ?

ಮೃದ್ವಂಗಿಯ ರಕ್ತಕಣಗಳು ಹೊರಗಿನಿಂದ ಸೇರಿಸಿದ ಬಣ್ಣದ ಕಣಗಳನ್ನು ಒಳಗೆಳೆದುಕೊಳ್ಳುವುದನ್ನು ಜರ್ಮನ್ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ 1862ರಲ್ಲೇ ಬರೆದಿದ್ದ. ಅದನ್ನು ರಕ್ಷಣೆಯ ಕ್ರಿಯೆ ಎಂದು ಅರ್ಥಮಾಡಿಕೊಂಡವನು ರಷ್ಯಾದ ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ನಕ್ಷತ್ರಮೀನಿನ ಮರಿಗಳ ಮೇಲೆ, 1884ರಲ್ಲಿ ಡ್ಯಾಫ್ನಿಯಾ ಎಂಬ ಸಣ್ಣ ಕಠಿಣಚರ್ಮಿಯ ಮೇಲೆ ಅವನು ಇದನ್ನು ತೋರಿಸಿದ. ಇದೇ ದಾರಿಯ ಕೆಲಸಕ್ಕೆ 1908ರಲ್ಲಿ ಪಾಲ್ ಎರ್ಲಿಕ್ ಜೊತೆ ನೊಬೆಲ್ ಬಂತು.

ಪ್ರತಿಕಾಯಗಳೇ ಇಲ್ಲದೆ ಶತ್ರುವನ್ನು ಗುರುತಿಸುವುದು ಹೇಗೆ?

ಪ್ರತಿಯೊಂದು ರೋಗಾಣುವಿಗೂ ಹೊಂದುವಂಥ ಪ್ರತಿಕಾಯವನ್ನು ತಯಾರಿಸುವ ಶಕ್ತಿ ಚಿಪ್ಪುಜೀವಿಗಳಿಗಿಲ್ಲ. ಅವು ರೋಗಾಣುಗಳ ಗುಂಪುಗಳಿಗೇ ಸಾಮಾನ್ಯವಾದ ಗುರುತುಗಳನ್ನು ಹಿಡಿಯುತ್ತವೆ: ಬ್ಯಾಕ್ಟೀರಿಯಾದ ಹೊರಪದರದ ಲಿಪೊಪಾಲಿಸ್ಯಾಕರೈಡ್, ಶಿಲೀಂಧ್ರದ ಬೀಟಾ-ಗ್ಲುಕಾನ್, ವೈರಸ್ಸಿನ ಜೋಡಿಎಳೆ ಆರ್‌ಎನ್‌ಎ ಇಂಥವು. ಸಕ್ಕರೆಯ ಸರಪಳಿಗಳಿಗೆ ಅಂಟುವ ಲೆಕ್ಟಿನ್‌ಗಳು ಹೀಮೋಲಿಂಫಿನಲ್ಲೂ ಇವೆ, ಕಣಗಳ ಮೇಲ್ಮೈಯಲ್ಲೂ ಇವೆ. ಲೆಕ್ಟಿನ್ ಅಂಟಿದ ಬ್ಯಾಕ್ಟೀರಿಯಾವನ್ನು ನುಂಗುವುದು ಹೀಮೋಸೈಟಿಗೆ ಸುಲಭ.

ಪ್ರತಿಕಾಯದ ಕೊರತೆಯನ್ನು ಈ ಜೀವಿಗಳು ಸಂಖ್ಯೆಯಿಂದ ತುಂಬಿಕೊಂಡಿವೆ. ಪೆಸಿಫಿಕ್ ಸಿಂಪಿಯ ಜೀನೋಮ್ 2012ರಲ್ಲಿ ಪ್ರಕಟವಾದಾಗ ಅದರಲ್ಲಿ ಸಿ1ಕ್ಯು ಮಾದರಿಯ, ಗುರುತು ಹಿಡಿಯಬಲ್ಲ ಪ್ರೋಟೀನುಗಳ ಜೀನುಗಳೇ ಮುನ್ನೂರಕ್ಕೂ ಹೆಚ್ಚು ಕಂಡವು. ಮನುಷ್ಯನಲ್ಲಿ ಇವು ಕೆಲವೇ ಡಜನ್. ಬಿಸಿಲು, ಒಣಗುವಿಕೆ ಇವುಗಳಿಂದ ಕೋಶವನ್ನು ಕಾಪಾಡುವ ಎಚ್‌ಎಸ್‌ಪಿ70 ಜೀನುಗಳು ಸಿಂಪಿಯಲ್ಲಿ 88, ಮನುಷ್ಯನಲ್ಲಿ 17ರ ಆಸುಪಾಸು. ಇಳಿತದಲ್ಲಿ ಬಂಡೆಗೆ ಅಂಟಿ ಕೂತು ಬೇಯುವ ಪ್ರಾಣಿಗೆ ಅಷ್ಟು ಬೇಕೇ ಬೇಕು.

ನುಂಗಿದ ಮೇಲೆ ಒಳಗೆ ಏನು ನಡೆಯುತ್ತದೆ?

ಮೊದಲು ಕಣವು ಬ್ಯಾಕ್ಟೀರಿಯಾದ ಕಡೆಗೆ ಹರಿಯುತ್ತದೆ. ರಾಸಾಯನಿಕ ಸುಳಿವು ಹಿಡಿದು ಹುಸಿಪಾದಗಳನ್ನು ಚಾಚಿ, ಸುತ್ತುವರಿದು, ಪೊರೆಯ ಚೀಲವೊಂದರಲ್ಲಿ ಅದನ್ನು ಒಳಗೆಳೆದುಕೊಳ್ಳುತ್ತದೆ. ಆ ಚೀಲಕ್ಕೆ, ಜೀರ್ಣಿಸುವ ಕಿಣ್ವಗಳು ತುಂಬಿದ ಲೈಸೋಸೋಮುಗಳು ಬಂದು ಸೇರಿಕೊಂಡಾಗ ಮೂರು ಬಗೆಯ ದಾಳಿ ಒಟ್ಟಿಗೇ ಶುರುವಾಗುತ್ತದೆ.

ಒಂದು, ಕಿಣ್ವಗಳು. ಲೈಸೋಜೈಮ್ ಬ್ಯಾಕ್ಟೀರಿಯಾದ ಗೋಡೆಯನ್ನು ಕತ್ತರಿಸುತ್ತದೆ, ಉಳಿದ ಹೈಡ್ರೊಲೇಸ್‌ಗಳು ಒಳಗಿನದ್ದನ್ನು ಜೀರ್ಣಿಸುತ್ತವೆ. ಎರಡು, ಆಮ್ಲಜನಕದ ದಾಳಿ. ಪೊರೆಯಲ್ಲಿರುವ ಎನ್‌ಎಡಿಪಿಎಚ್ ಆಕ್ಸಿಡೇಸ್ ಕಿಣ್ವ ಆಮ್ಲಜನಕವನ್ನು ಸೂಪರಾಕ್ಸೈಡ್ ಆಗಿ ಬದಲಿಸುತ್ತದೆ. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್, ಅದರಿಂದ ಮುಂದೆ ಬ್ಲೀಚಿನ ಜಾತಿಯದೇ ಆದ ಹೈಪೋಕ್ಲೋರಸ್ ಆಮ್ಲ ಹುಟ್ಟುತ್ತದೆ. ನೈಟ್ರಿಕ್ ಆಕ್ಸೈಡ್ ಕೂಡ ಕೈಜೋಡಿಸುತ್ತದೆ. ಮೂರು, ಡಿಫೆನ್ಸಿನ್‌ನಂಥ ಪುಟ್ಟ ಪೆಪ್ಟೈಡುಗಳು ಬ್ಯಾಕ್ಟೀರಿಯಾದ ಪೊರೆಯನ್ನು ಹಾಳುಮಾಡುತ್ತವೆ. ಪಚ್ಚಿಲೆಯ ಜಾತಿಯಲ್ಲಿ ಮೈಟಿಲಿನ್, ಮೈಟಿಸಿನ್ ಎಂಬ ಪೆಪ್ಟೈಡುಗಳೂ ಇವೆ.

ತುಂಬಿ ಕೆಲಸ ಮುಗಿಸಿದ ಕಣಗಳಲ್ಲಿ ಕೆಲವು ಅಂಗಗಳಿಗೆ ಹೊದಿಕೆಯಾಗಿರುವ ಎಪಿಥೀಲಿಯಂ ಪದರವನ್ನು ತೂರಿ ದೇಹದ ಹೊರಗೇ ಹೋಗಿಬಿಡುತ್ತವೆ. ಜೀರ್ಣವಾಗದ ಕಸವನ್ನು ಹೊತ್ತು ಹಾಕುವ ಈ ಉಪಾಯ ಚೆನ್ನಾಗಿಯೇ ಇದೆ. ಆದರೆ ಹೀಗೆ ಒಳಹೊರಗೆ ಓಡಾಡುವ ಕಣಗಳೇ ಪರಾವಲಂಬಿಗೆ ಬಾಗಿಲೂ ಆಗುತ್ತವೆ. ಅದು ಮುಂದೆ ಬರುತ್ತದೆ.

ನುಂಗಲಾಗದಷ್ಟು ದೊಡ್ಡ ಶತ್ರು ಬಂದರೆ?

ಹುಳುವಿನ ಮರಿಯಂಥದ್ದು ಹೊಕ್ಕಾಗ ಹೀಮೋಸೈಟ್‌ಗಳು ಪದರಪದರವಾಗಿ ಅದರ ಸುತ್ತ ಚಪ್ಪಟೆಯಾಗಿ ಅಂಟಿಕೊಂಡು ಕೋಟೆ ಕಟ್ಟುತ್ತವೆ, ಕಿಣ್ವಗಳನ್ನು ಅದರ ಮೇಲೆ ಸುರಿಯುತ್ತವೆ. ಇನ್ನೊಂದು ಉಪಾಯವೂ ಇದೆ. ಕಣವು ತನ್ನ ಡಿಎನ್‌ಎಯನ್ನೇ ಬಲೆಯಂತೆ ಹೊರಗೆ ಚೆಲ್ಲಿ ಬ್ಯಾಕ್ಟೀರಿಯಾಗಳನ್ನು ಅದರಲ್ಲಿ ಸಿಕ್ಕಿಸುತ್ತದೆ. ಮನುಷ್ಯರ ನ್ಯೂಟ್ರೊಫಿಲ್‌ಗಳಲ್ಲಿ ಮೊದಲು ಕಂಡ ಈ ತಂತ್ರ ಸಿಂಪಿಯಲ್ಲೂ ಏಡಿಯಲ್ಲೂ ದೃಢಪಟ್ಟಿದೆ.

ಹಾಗಾದರೆ ಮುತ್ತು ಕೂಡ ಈ ಕಣಗಳ ಕೆಲಸವೇ?

ಭಾಗಶಃ ಮಾತ್ರ. ಮುತ್ತಿನ ಹೊಳಪಿನ ಪದರವನ್ನು ಸುರಿಸುವುದು ಚಿಪ್ಪಿನ ಒಳಗೆ ದೇಹವನ್ನು ಹೊದ್ದಿರುವ ಮ್ಯಾಂಟಲ್ ಪದರದ ಎಪಿಥೀಲಿಯಂ ಕೋಶಗಳು. ಮುತ್ತಿನ ಕೃಷಿಯಲ್ಲಿ ಮುತ್ತಿಗೆ ತಿರುಳಾಗುವ ಗುಂಡು ಮತ್ತು ಇನ್ನೊಂದು ಸಿಂಪಿಯ ಮ್ಯಾಂಟಲ್ ತುಣುಕನ್ನು ಒಳಗಿಟ್ಟಾಗ, ಗಾಯದ ಕಡೆಗೆ ಮೊದಲು ನುಗ್ಗುವುದು ಹೀಮೋಸೈಟ್‌ಗಳು. ಅವು ಸತ್ತ ಕೋಶಗಳನ್ನು ತೆಗೆದು ಗಾಯ ಮುಚ್ಚುತ್ತವೆ. ಆಮೇಲೆ ಕಸಿಯಾದ ಕೋಶಗಳು ಗುಂಡಿನ ಸುತ್ತ ಚೀಲವಾಗಿ ಬೆಳೆಯುತ್ತವೆ. ಶಸ್ತ್ರಕ್ರಿಯೆ ಕೊಳಕಾಗಿದ್ದರೆ, ಅಥವಾ ಸಿಂಪಿ ಈಗಾಗಲೇ ಬಳಲಿದ್ದರೆ, ಈ ಮೊದಲ ಹಂತದಲ್ಲೇ ಸೋಂಕು ತಗುಲಿ ಅದು ಸಾಯುತ್ತದೆ, ಇಲ್ಲವೇ ಗುಂಡನ್ನು ಹೊರಹಾಕುತ್ತದೆ.

ಇಷ್ಟೆಲ್ಲ ಇದ್ದೂ ಸಿಂಪಿಗಳು ರಾಶಿರಾಶಿಯಾಗಿ ಸಾಯುವುದೇಕೆ?

ನುಂಗುವುದೇ ಮುಖ್ಯ ಆಯುಧವಾಗಿರುವ ಪ್ರಾಣಿಯನ್ನು ಮಣಿಸಲು, ನುಂಗಿಸಿಕೊಂಡೂ ಬದುಕಿದರೆ ಸಾಕು. ಸಿಂಪಿಯ ದೊಡ್ಡ ರೋಗಗಳಲ್ಲಿ ಹಲವು ಇದೇ ಒಂದು ಸಂಗತಿಯ ಮೇಲೆ ನಿಂತಿವೆ. ಎಲ್ಲಕ್ಕಿಂತ ಚೆನ್ನಾಗಿ ಅಧ್ಯಯನವಾಗಿರುವುದು ಅಮೆರಿಕದ ಪೂರ್ವ ಮತ್ತು ದಕ್ಷಿಣ ತೀರದ ಡರ್ಮೊ ರೋಗ.

ಡರ್ಮೊಗೆ ಕಾರಣ ಪರ್ಕಿನ್ಸಸ್ ಮರೈನಸ್ ಎಂಬ ಏಕಕೋಶ ಪರಾವಲಂಬಿ. 1940ರ ದಶಕದಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಸಿಂಪಿಗಳು ಸತ್ತದ್ದರ ತನಿಖೆಯಲ್ಲಿ ಅದು ಸಿಕ್ಕಿತು, 1950ರಲ್ಲಿ ವಿವರಣೆ ಪ್ರಕಟವಾಯಿತು. ಆಗ ಶಿಲೀಂಧ್ರವೆಂದು ಭಾವಿಸಿ ಡರ್ಮೊಸಿಸ್ಟಿಡಿಯಂ ಎಂದು ಕರೆದಿದ್ದರು. ರೋಗದ ಅಡ್ಡಹೆಸರು ಅಲ್ಲಿಂದ ಬಂದದ್ದು. ಸಿಂಪಿಯ ಹೀಮೋಸೈಟಿನ ಮೇಲ್ಮೈಯಲ್ಲಿ ಗ್ಯಾಲೆಕ್ಟಿನ್ ಎಂಬ, ಸಕ್ಕರೆ ಹಿಡಿಯುವ ಪ್ರೋಟೀನ್ ಇದೆ. ಅದು ಇರುವುದು ಬ್ಯಾಕ್ಟೀರಿಯಾ ಮತ್ತು ಪಾಚಿಗಳನ್ನು ಗುರುತಿಸಲು. ಪರ್ಕಿನ್ಸಸ್‌ನ ಮೈಮೇಲಿನ ಸಕ್ಕರೆ ಅದಕ್ಕೆ ಸರಿಯಾಗಿ ಹೊಂದುತ್ತದೆ; ಕಣವೇ ಅದನ್ನು ಆತುರದಿಂದ ಒಳಗೆಳೆದುಕೊಳ್ಳುತ್ತದೆ. ಒಳಗೆ ಹೋದ ಮೇಲೆ ಪರಾವಲಂಬಿಯ ಸೂಪರಾಕ್ಸೈಡ್ ಡಿಸ್‌ಮ್ಯುಟೇಸ್ ಮುಂತಾದ ಕಿಣ್ವಗಳು ಆಮ್ಲಜನಕದ ದಾಳಿಯನ್ನು ತಣ್ಣಗಾಗಿಸುತ್ತವೆ. ಅದು ಅಲ್ಲೇ ಒಡೆದು ಹಲವಾಗುತ್ತದೆ, ಕಣ ಹರಿದುಹೋಗುತ್ತದೆ, ಹೊರಬಿದ್ದ ಮರಿಗಳನ್ನು ಅಕ್ಕಪಕ್ಕದ ಕಣಗಳು ಮತ್ತೆ ನುಂಗುತ್ತವೆ. ದೇಹದ ತುಂಬ ಓಡಾಡುವ ಹೀಮೋಸೈಟೇ ರೋಗವನ್ನು ಎಲ್ಲ ಅಂಗಗಳಿಗೂ ತಲುಪಿಸುತ್ತದೆ.

ಪರಾವಲಂಬಿಯ ಪ್ರೋಟಿಯೇಸ್ ಕಿಣ್ವಗಳನ್ನು ತಡೆಯುವ ಪ್ರೋಟೀನುಗಳು ಕೆಲವು ಸಿಂಪಿ ತಳಿಗಳಲ್ಲಿ ಹೆಚ್ಚಾಗಿವೆ. ಅಂಥವು ರೋಗವನ್ನು ಹೆಚ್ಚು ಕಾಲ ತಾಳಿಕೊಳ್ಳುತ್ತವೆ. ರೋಗ ತಾಳುವಂತೆ ಆಯ್ದು ಬೆಳೆಸಿದ ತಳಿಗಳು ಅಮೆರಿಕದಲ್ಲಿ ಬಳಕೆಗೆ ಬಂದಿವೆ.

ಯುರೋಪಿನ ಚಪ್ಪಟೆ ಸಿಂಪಿಯ ಕಥೆಯೂ ಹೀಗೆಯೇ. 1979ರಲ್ಲಿ ಫ್ರಾನ್ಸಿನ ಬ್ರಿಟನಿಯಲ್ಲಿ ಕಂಡ ಬೊನೇಮಿಯಾ ಆಸ್ಟ್ರಿಯೆ, 2ರಿಂದ 3 ಮೈಕ್ರೊಮೀಟರಿನ ಪರಾವಲಂಬಿ, ಹೀಮೋಸೈಟಿನೊಳಗೇ ಬದುಕುತ್ತದೆ.

ಬ್ಯಾಕ್ಟೀರಿಯಾಗಳೂ ಹೀಗೆ ಮಾಡುತ್ತವೆಯೇ?

ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಗುಂಪಿನ ಕೆಲವು ಮಾಡುತ್ತವೆ. ವಿಬ್ರಿಯೊ ಟಾಸ್ಮೇನಿಯೆನ್ಸಿಸ್‌ನ ಒಂದು ತಳಿ ಸಿಂಪಿಯ ಕಣದೊಳಗೆ ಹೋಗಿ, ಅದನ್ನು ಕೊಲ್ಲಲು ಅಲ್ಲಿ ಸುರಿಯುವ ತಾಮ್ರವನ್ನು ಪಂಪಿನಂಥ ಪ್ರೋಟೀನಿನಿಂದ ಹೊರದೂಡಿ ಬದುಕುತ್ತದೆ. ಮನಿಲಾ ಬಳಚಿನಲ್ಲಿ ಚಿಪ್ಪಿನ ಒಳಅಂಚಿಗೆ ಕಂದು ಉಂಗುರ ಮೂಡಿಸುವ ವಿಬ್ರಿಯೊ ಟೇಪೆಟಿಸ್ ಫ್ರಾನ್ಸಿನಲ್ಲಿ 1987ರಲ್ಲಿ ಕಂಡಿತು. ಅದು ಹೀಮೋಸೈಟ್‌ಗಳ ಅಂಟುವ ಶಕ್ತಿಯನ್ನೇ ಕೆಡಿಸುತ್ತದೆ. ಅಂಟಲಾರದ ಕಣ ನುಂಗಲಾರದು.

ಸಿಂಪಿಮರಿಗಳ ಹರ್ಪಿಸ್ ವೈರಸ್ ಎಂದರೆ ಏನು? ಮರಿಗಳನ್ನು ಕೊಲ್ಲುವುದು ವೈರಸ್ಸೋ ಬ್ಯಾಕ್ಟೀರಿಯಾವೋ?

ಎರಡೂ, ಒಂದರ ಹಿಂದೆ ಒಂದು. 2008ರಿಂದ ಫ್ರಾನ್ಸಿನಲ್ಲಿ ಪೆಸಿಫಿಕ್ ಸಿಂಪಿಯ ಮರಿಗಳನ್ನು ಸಾಲುಸಾಲಾಗಿ ಕೊಂದದ್ದು ಆಸ್ಟ್ರೀಡ್ ಹರ್ಪಿಸ್‌ವೈರಸ್-1ರ ಮೈಕ್ರೊವಾರ್ ಎಂಬ ತಳಿ. ನೀರು 16 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಸಾವು ಶುರುವಾಗುತ್ತದೆ. 2018ರಲ್ಲಿ ಪ್ರಕಟವಾದ ಫ್ರೆಂಚ್ ಸಂಶೋಧನೆ ಘಟನೆಗಳ ಸರದಿಯನ್ನು ಬಿಡಿಸಿ ತೋರಿಸಿತು. ವೈರಸ್ ಮೊದಲು ಹೀಮೋಸೈಟ್‌ಗಳಿಗೆ ತಗುಲುತ್ತದೆ, ಅವು ಬ್ಯಾಕ್ಟೀರಿಯಾ ಕೊಲ್ಲುವ ಪೆಪ್ಟೈಡುಗಳನ್ನು ಮಾಡುವುದನ್ನು ನಿಲ್ಲಿಸುತ್ತವೆ, ಆಗ ಸಿಂಪಿಯಲ್ಲೇ ಸದಾ ಇರುವ ಬ್ಯಾಕ್ಟೀರಿಯಾಗಳು ನುಗ್ಗಿ ಕೊಲ್ಲುತ್ತವೆ. ಸತ್ತ ಮರಿಯಲ್ಲಿ ವಿಬ್ರಿಯೊ ಮಾತ್ರ ಹುಡುಕಿದವರಿಗೆ ವಿಬ್ರಿಯೊ ಮಾತ್ರ ಸಿಗುತ್ತದೆ. ಮಾದರಿಯನ್ನು ಸಾವಿನ ಮೊದಲ ದಿನಗಳಲ್ಲೇ, ಇನ್ನೂ ಬದುಕಿರುವ ಮರಿಗಳಿಂದ ತೆಗೆಯಬೇಕು ಎನ್ನುವುದು ಇದಕ್ಕೇ.

ಚಿಪ್ಪುಜೀವಿಗಳಿಗೆ ಕ್ಯಾನ್ಸರ್ ಬರುತ್ತದೆಯೇ? ಅದು ಅಂಟುರೋಗ ಎನ್ನುವುದು ನಿಜವೇ?

ನಿಜ. ಅಮೆರಿಕ ಮತ್ತು ಕೆನಡದ ಅಟ್ಲಾಂಟಿಕ್ ತೀರದ ಮಯಾ ಅರಿನೇರಿಯಾ ಬಳಚಿನಲ್ಲಿ ರಕ್ತದ ಕ್ಯಾನ್ಸರಿನಂಥ ರೋಗ ಬಹಳ ಕಾಲದಿಂದ ಗೊತ್ತಿತ್ತು. ಬೇರೆಬೇರೆ ಊರಿನ ರೋಗಿ ಬಳಚುಗಳ ಕ್ಯಾನ್ಸರ್ ಕಣಗಳ ಡಿಎನ್‌ಎ ತಂತಮ್ಮ ಒಡೆಯನದಕ್ಕೆ ಹೊಂದದೆ, ಪರಸ್ಪರ ಹೊಂದುವುದನ್ನು 2015ರಲ್ಲಿ ತೋರಿಸಲಾಯಿತು. ಎಂದೋ ಒಂದು ಬಳಚಿನಲ್ಲಿ ಹುಟ್ಟಿದ ಕಣವೇ ನೀರಿನ ಮೂಲಕ ದಾಟಿಕೊಂಡು ಹೋಗುತ್ತಿದೆ ಎಂದರ್ಥ. 2016ರಲ್ಲಿ ಇನ್ನೂ ಕೆಲವು ಜಾತಿಗಳಲ್ಲಿ ಇದು ಸಿಕ್ಕಿತು. ಒಂದರಲ್ಲಂತೂ ಕ್ಯಾನ್ಸರ್ ಬಂದದ್ದು ಬೇರೆಯೇ ಜಾತಿಯ ಬಳಚಿನಿಂದ. ಮನುಷ್ಯರಿಗೆ ಇದು ಹರಡುವುದಿಲ್ಲ.

ಸೂಕ್ಷ್ಮದರ್ಶಕದಲ್ಲಿ ಗುರುತಿಸುವುದು ಕಷ್ಟವಲ್ಲ. ಆರೋಗ್ಯವಂತ ಹೀಮೋಸೈಟ್ ಗಾಜಿನ ಮೇಲೆ ಕೆಲವೇ ನಿಮಿಷಗಳಲ್ಲಿ ಹುಸಿಪಾದ ಚಾಚಿ ಹರಡಿಕೊಳ್ಳುತ್ತದೆ. ಕ್ಯಾನ್ಸರ್ ಕಣ ದುಂಡಗೆ, ಅಂಟದೆ, ದೊಡ್ಡ ಕೋಶಕೇಂದ್ರದೊಡನೆ ತೇಲುತ್ತಿರುತ್ತದೆ.

ಈ ರೋಗಗಳು ನಮ್ಮ ಕರಾವಳಿಯಲ್ಲೂ ಇವೆಯೇ?

ಪರ್ಕಿನ್ಸಸ್ ಮರೈನಸ್ ಅಮೆರಿಕ ಖಂಡದ್ದು. ಅದರ ಬಂಧುಗಳು ಭಾರತದಲ್ಲಿವೆ. ಆಗ್ನೇಯ ಕರಾವಳಿಯ ಮುತ್ತಿನ ಸಿಂಪಿಯಲ್ಲಿ ಪರ್ಕಿನ್ಸಸ್ ಓಲ್ಸೆನಿ ಇರುವುದು 2010ರಲ್ಲಿ ವರದಿಯಾಯಿತು, ಖಾದ್ಯ ಸಿಂಪಿ ಕ್ರಾಸೊಸ್ಟ್ರಿಯಾ ಮದ್ರಾಸೆನ್ಸಿಸ್‌ನಲ್ಲಿ ಪರ್ಕಿನ್ಸಸ್ ಬೈಹೈಯೆನ್ಸಿಸ್ 2012ರಲ್ಲಿ. ಓಲ್ಸೆನಿ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿರುವ ರೋಗಾಣು. ಆದ್ದರಿಂದ ಒಂದು ಅಳಿವೆಯ ಮರಿಗಳನ್ನು ಇನ್ನೊಂದಕ್ಕೆ ಬಿತ್ತುವ ಮೊದಲು ಪರೀಕ್ಷೆ ಮಾಡಿಸುವುದು ಬುದ್ಧಿವಂತಿಕೆ. ಅಘನಾಶಿನಿಯಿಂದ ಕಾಳಿಗೆ ಒಯ್ಯುವಾಗಲೂ ಅಷ್ಟೇ, ಹೊರರಾಜ್ಯದಿಂದ ತರುವಾಗಲೂ ಅಷ್ಟೇ.

ಮಳೆಗಾಲದಲ್ಲಿ ಬಳಚು ಸಾಯುವುದು ರೋಗದಿಂದಲೋ ಸಿಹಿನೀರಿನಿಂದಲೋ?

ದಿಢೀರ್ ಸಾವಾದರೆ ಸಾಮಾನ್ಯವಾಗಿ ಸಿಹಿನೀರು. ಈ ಜೀವಿಗಳ ರಕ್ತದ ಉಪ್ಪು ಸುತ್ತಲಿನ ನೀರಿನ ಉಪ್ಪನ್ನೇ ಅನುಸರಿಸುತ್ತದೆ. ನೆರೆನೀರು ಬಂದಾಗ ಚಿಪ್ಪು ಮುಚ್ಚಿ ತಡೆಯುತ್ತವೆ. ಮುಚ್ಚಿದಷ್ಟು ಹೊತ್ತೂ ಉಸಿರಾಟ ನಿಂತು ಒಳಗೆ ಆಮ್ಲ ಏರುತ್ತದೆ. ಕೊನೆಗೆ ತೆರೆಯಲೇಬೇಕಾದಾಗ ಹೀಮೋಸೈಟ್‌ಗಳು ನೀರು ಹೀರಿ ಉಬ್ಬುತ್ತವೆ, ಅವುಗಳ ಚಲನೆಯೂ ನುಂಗುವ ಶಕ್ತಿಯೂ ಕುಗ್ಗುತ್ತವೆ.

ಆದರೆ ಅದೇ ಸಿಹಿನೀರು ಕೆಲವು ರೋಗಗಳಿಗೆ ಮದ್ದು. ಅಮೆರಿಕದಲ್ಲಿ 1957ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಕಾಣಿಸಿಕೊಂಡ ಎಂಎಸ್‌ಎಕ್ಸ್ ರೋಗದ ಪರಾವಲಂಬಿ 10 ಪಿಪಿಟಿಗಿಂತ (ಅಂದರೆ ಸಾವಿರ ಭಾಗ ನೀರಿನಲ್ಲಿ 10 ಭಾಗಕ್ಕಿಂತ) ಕಡಿಮೆ ಉಪ್ಪಿನಲ್ಲಿ ಉಳಿಯುವುದಿಲ್ಲ. ಡರ್ಮೊ ಅಷ್ಟು ಸುಲಭಕ್ಕೆ ಹೋಗದಿದ್ದರೂ 12 ಪಿಪಿಟಿಗಿಂತ ಕೆಳಗೆ ಮಂದವಾಗುತ್ತದೆ. 25 ಡಿಗ್ರಿ ಮೀರಿದ ಉಪ್ಪುನೀರಿನಲ್ಲಿ ಉಲ್ಬಣಿಸುತ್ತದೆ. ಬೇಸಿಗೆಯ ಕೊನೆಗೆ ನಿಧಾನವಾಗಿ, ವಾರಗಟ್ಟಲೆ, ಹೆಚ್ಚಾಗಿ ದೊಡ್ಡ ಸಿಂಪಿಗಳೇ ಬಾಯಿಬಿಟ್ಟು ಸಾಯುತ್ತಿದ್ದರೆ ಪರಾವಲಂಬಿಯ ಗುಮಾನಿ ಇಡಿ. ದೊಡ್ಡ ಮಳೆಯ ಮೂರ್ನಾಲ್ಕು ದಿನಗಳಲ್ಲಿ ದೊಡ್ಡದು ಚಿಕ್ಕದೆನ್ನದೆ ಸತ್ತಿದ್ದರೆ ಮೊದಲು ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ತೆಗೆಯಿರಿ.

ಪರೀಕ್ಷೆಗೆ ಹೀಮೋಲಿಂಫ್ ತೆಗೆಯುವುದು ಹೇಗೆ?

ಚಿಪ್ಪನ್ನು ಉಜ್ಜಿ ತೊಳೆಯಿರಿ. ಸಿಂಪಿಯಾದರೆ ಚಿಪ್ಪುಗಳನ್ನು ಮುಚ್ಚುವ ಸ್ನಾಯುವಿನ ನೇರಕ್ಕೆ ಅಂಚಿನಲ್ಲಿ ಅರದಿಂದಲೋ ಇಕ್ಕಳದಿಂದಲೋ ಸಣ್ಣ ಗಂಡಿ ಮಾಡಿ. ಪಚ್ಚಿಲೆ, ಬಳಚುಗಳಲ್ಲಿ ಎರಡು ಚಿಪ್ಪುಗಳ ನಡುವೆ ತೆಳುವಾದ ಅಲಗು ತೂರಿಸಿದರೆ ಸಾಕು. ಒಳಗಿನ ಸಮುದ್ರದ ನೀರು ಪೂರ್ತಿ ಸೋರಿಹೋಗಲು ಬಿಡಿ. ಹೊಸಬರು ಎಡವುವುದು ಇಲ್ಲೇ: ಆ ನೀರು ಸಿರಿಂಜಿಗೆ ಬಂದರೆ ಲೆಕ್ಕ ಅರ್ಧಕ್ಕಿಳಿಯುತ್ತದೆ, ಜೊತೆಗೆ ಹೊರಗಿನ ಬ್ಯಾಕ್ಟೀರಿಯಾ, ಪಾಚಿಗಳೂ ಬರುತ್ತವೆ.

23ರಿಂದ 25 ಗೇಜಿನ ಸೂಜಿ, 1 ಮಿಲಿಲೀಟರಿನ ಸಿರಿಂಜು. ಸೂಜಿಯನ್ನು ಸ್ನಾಯುವಿಗೆ ಚುಚ್ಚಿ ಬಹಳ ನಿಧಾನವಾಗಿ ಎಳೆಯಿರಿ. 0.2ರಿಂದ 0.5 ಮಿಲಿಲೀಟರ್ ಬಂದರೆ ಸಾಕು. ಜೋರಾಗಿ ಎಳೆದರೆ ಅಂಗಾಂಶದ ಚೂರುಗಳು ಬರುತ್ತವೆ, ಕಣಗಳೂ ಒಡೆಯುತ್ತವೆ. ಕೂಡಲೇ ಐಸಿನ ಮೇಲಿಟ್ಟ ಟ್ಯೂಬಿಗೆ ಹಾಕಿ. ಒಂದು ಹನಿಯನ್ನು ಅಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಿ. ಮೊಟ್ಟೆ, ವೀರ್ಯಾಣು ಕಂಡರೆ ಸೂಜಿ ಜನನಾಂಗಕ್ಕೆ ತಾಗಿದೆ ಎಂದರ್ಥ, ಆ ಮಾದರಿ ಎಸೆಯಿರಿ. ಅದೇ ಪ್ರಾಣಿಯಿಂದ ಮತ್ತೆ ತೆಗೆಯಬೇಕಿದ್ದರೆ ಲೀಟರಿಗೆ 50 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್ ಹಾಕಿದ ನೀರಿನಲ್ಲಿ ಕೆಲವು ಗಂಟೆ ಇಟ್ಟರೆ ಸಿಂಪಿ ತಾನಾಗಿ ಸಡಿಲಗೊಂಡು ಬಾಯಿ ತೆರೆಯುತ್ತದೆ.

ಕಣಗಳು ಗುಂಪುಗಟ್ಟುತ್ತವೆ, ಏನು ಮಾಡುವುದು?

ಸಿಂಪಿಯ ಪ್ಲಾಸ್ಮಾ ಹೆಪ್ಪುಗಟ್ಟುವುದಿಲ್ಲ; ಕಣಗಳೇ ಒಂದಕ್ಕೊಂದು ಅಂಟುತ್ತವೆ. ತಣ್ಣಗಿಟ್ಟರೆ ಇದು ನಿಧಾನವಾಗುತ್ತದೆ. ಸಾಲದಿದ್ದರೆ ಮಾರ್ಪಡಿಸಿದ ಆಲ್ಸೆವರ್ ದ್ರಾವಣ ಬಳಸಿ: ಲೀಟರಿಗೆ ಗ್ಲೂಕೋಸ್ 20.8 ಗ್ರಾಂ, ಸೋಡಿಯಂ ಸಿಟ್ರೇಟ್ 8 ಗ್ರಾಂ, ಇಡಿಟಿಎ 3.36 ಗ್ರಾಂ, ಉಪ್ಪು 22.5 ಗ್ರಾಂ. ಇದು ಪೂರ್ತಿ ಸಮುದ್ರದ ಉಪ್ಪಿನ ಪ್ರಾಣಿಗಳಿಗೆ ಹೊಂದುವ ಅಳತೆ. 15 ಪಿಪಿಟಿಯ ಅಳಿವೆಯಿಂದ ತಂದ ಬಳಚಿಗೆ ಹೀಗೇ ಬಳಸಿದರೆ ಕಣಗಳು ಮುದುಡುತ್ತವೆ. ಉಪ್ಪನ್ನು ಇಳಿಸಿ ನೀರಿನ ಮಟ್ಟಕ್ಕೆ ತನ್ನಿ. ಇನ್ನೊಂದು ಎಚ್ಚರ: ಇಡಿಟಿಎ ಕ್ಯಾಲ್ಸಿಯಂ ಕಸಿಯುತ್ತದೆ, ಹಾಗಾಗಿ ಅಂಟುವಿಕೆ, ನುಂಗುವಿಕೆ ಅಳೆಯುವ ಪ್ರಯೋಗಗಳಿಗೆ ಈ ದ್ರಾವಣ ಸಲ್ಲದು.

ಎಣಿಸುವುದು ಹೇಗೆ?

ಕಣ ಎಣಿಸಲೆಂದೇ ಚೌಕಗಳನ್ನು ಕೊರೆದ ಗಾಜಾದ ನ್ಯೂಬಾಯರ್ ಚೇಂಬರಿನ ನಾಲ್ಕು ಮೂಲೆಯ ದೊಡ್ಡ ಚೌಕಗಳಲ್ಲಿ ಎಣಿಸಿ, ಸರಾಸರಿಯನ್ನು ದುರ್ಬಲಗೊಳಿಸಿದ ಪ್ರಮಾಣದಿಂದಲೂ ಆಮೇಲೆ 10,000ದಿಂದಲೂ ಗುಣಿಸಿ. ಸರಾಸರಿ 62, ಸಮಪ್ರಮಾಣ ದ್ರಾವಣ ಸೇರಿಸಿದ್ದೀರಿ ಎಂದಾದರೆ 62 × 2 × 10,000, ಅಂದರೆ ಮಿಲಿಲೀಟರಿಗೆ 12.4 ಲಕ್ಷ. ಬದುಕಿರುವ ಕಣಗಳ ಪ್ರಮಾಣಕ್ಕೆ 0.4 ಶೇಕಡ ಟ್ರಿಪಾನ್ ಬ್ಲೂ ಬಣ್ಣವನ್ನು ಸಮಪ್ರಮಾಣ ಬೆರೆಸಿ, ಐದು ನಿಮಿಷದೊಳಗೆ ನೋಡಿ. ನೀಲಿಯಾದವು ಸತ್ತವು. ಎಲ್ಲವೂ ನೀಲಿಯಾಗಿ ಕಂಡರೆ ಪ್ರಾಣಿಯನ್ನು ದೂರಬೇಡಿ. ಬಣ್ಣವನ್ನು ಉಪ್ಪಿಲ್ಲದ, ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿರಬೇಕು, ಕಣಗಳು ಅದರಲ್ಲೇ ಒಡೆದಿವೆ.

ಎಣಿಕೆ ಹೆಚ್ಚಿದ್ದರೆ ಆರೋಗ್ಯ ಒಳ್ಳೆಯದೆಂದೇ?

ಅಲ್ಲ. ಸೋಂಕಿನ ಮೊದಲ ಹಂತದಲ್ಲಿ ಅಂಗಾಂಶದಲ್ಲಿದ್ದ ಕಣಗಳು ರಕ್ತಕ್ಕೆ ಬಂದು ಎಣಿಕೆ ಏರಬಹುದು. ಆಮೇಲೆ ಗಾಯದ ಕಡೆಗೆ ಹೋಗಿ ಇಳಿಯಬಹುದು. ರಕ್ತದ ಕ್ಯಾನ್ಸರಿನಲ್ಲಿ ವಿಪರೀತ ಏರುತ್ತದೆ. ಸಿಂಪಿಯನ್ನು ಅಲುಗಾಡಿಸಿದರೂ ಬದಲಾಗುತ್ತದೆ. ಒಂದೇ ದಿನದ ಒಂದೇ ಸಂಖ್ಯೆಯಿಂದ ಏನೂ ಹೇಳಲಾಗದು.

ಕಣಗಳ ಗುಣ ತಿಳಿಯಲು ನಮ್ಮ ಮೆಚ್ಚಿನದು ನ್ಯೂಟ್ರಲ್ ರೆಡ್ ಪರೀಕ್ಷೆ. ಖರ್ಚು ಕಡಿಮೆ, ಬೇಕಾದ್ದು ತಾಳ್ಮೆ. 1 ಮಿಲಿಲೀಟರ್ ಡಿಎಂಎಸ್‌ಒ ದ್ರಾವಕದಲ್ಲಿ 20 ಮಿಲಿಗ್ರಾಂ ಬಣ್ಣ ಕರಗಿಸಿ, ಅದರಿಂದ 10 ಮೈಕ್ರೊಲೀಟರನ್ನು 5 ಮಿಲಿಲೀಟರ್ ಉಪ್ಪುದ್ರಾವಣಕ್ಕೆ ಹಾಕಿ. ಕಣಗಳು ಅಂಟಿಕೊಳ್ಳಲೆಂದು ಪಾಲಿಲೈಸಿನ್ ಬಳಿದ ಗಾಜಿನ ಮೇಲೆ 40 ಮೈಕ್ರೊಲೀಟರ್ ಹೀಮೋಲಿಂಫ್ ಇಟ್ಟು, ತೇವವಿರುವ ಡಬ್ಬಿಯಲ್ಲಿ 15 ನಿಮಿಷ ಬಿಡಿ. ಹೆಚ್ಚಾದದ್ದನ್ನು ಬಸಿದು 40 ಮೈಕ್ರೊಲೀಟರ್ ಬಣ್ಣ ಹಾಕಿ. 15, 30 ನಿಮಿಷಕ್ಕೆ, ಆಮೇಲೆ ಅರ್ಧ ಗಂಟೆಗೊಮ್ಮೆ 180 ನಿಮಿಷದವರೆಗೆ ನೋಡಿ. ಆರೋಗ್ಯವಂತ ಕಣದಲ್ಲಿ ಬಣ್ಣ ಲೈಸೋಸೋಮಿನೊಳಗೇ ಇರುತ್ತದೆ; ಬಳಲಿದ ಕಣದಲ್ಲಿ ಹೊರಗೆ ಸೋರುತ್ತದೆ. ಅರ್ಧದಷ್ಟು ಕಣಗಳಲ್ಲಿ ಸೋರಿದ ಹೊತ್ತೇ ಫಲಿತಾಂಶ. 120 ನಿಮಿಷ ಅಥವಾ ಹೆಚ್ಚು ತಡೆದರೆ ಒಳ್ಳೆಯದು, 50ರಿಂದ 120 ಆದರೆ ಒತ್ತಡದಲ್ಲಿದೆ, 50ಕ್ಕಿಂತ ಕಡಿಮೆಯಾದರೆ ಸ್ಥಿತಿ ಕೆಟ್ಟಿದೆ. ಬಣ್ಣ ಬೆಳಕಿಗೆ ಸೂಕ್ಷ್ಮ, ನೋಡದ ಹೊತ್ತಿನಲ್ಲಿ ಕತ್ತಲಲ್ಲಿಡಿ.

ಪರ್ಕಿನ್ಸಸ್ ಪತ್ತೆಗೆ ಸುಲಭದ ಪರೀಕ್ಷೆ ಯಾವುದು?

1952ರಲ್ಲಿ ಸ್ಯಾಮಿ ರೇ ರೂಪಿಸಿದ ಥಯೋಗ್ಲೈಕೊಲೇಟ್ ವಿಧಾನ ಇಂದಿಗೂ ನಡೆಯುತ್ತಿದೆ. ಗುದನಾಳ, ಕಿವಿರು ಅಥವಾ ಮ್ಯಾಂಟಲಿನ ತುಣುಕನ್ನು ಆಂಟಿಬಯೋಟಿಕ್ ಮತ್ತು ಶಿಲೀಂಧ್ರನಾಶಕ ಬೆರೆಸಿದ ಥಯೋಗ್ಲೈಕೊಲೇಟ್ ಮಾಧ್ಯಮದಲ್ಲಿ 5ರಿಂದ 7 ದಿನ ಕತ್ತಲಲ್ಲಿಡಿ. ತೆಗೆದು ಗಾಜಿನ ಮೇಲೆ ಚೂರುಮಾಡಿ, ಲ್ಯೂಗಾಲ್ ಅಯೋಡಿನ್ ಒಂದೆರಡು ಹನಿ ಹಾಕಿ. ಪರಾವಲಂಬಿ ಇದ್ದರೆ ಉಬ್ಬಿದ ಗುಂಡುಗಳು ಕಡುನೀಲಿ-ಕಪ್ಪಾಗಿ ಎದ್ದು ಕಾಣುತ್ತವೆ. ಅಲ್ಪ ಸೋಂಕು ತಪ್ಪಿಹೋಗಬಹುದು. ಯಾವ ಜಾತಿಯ ಪರ್ಕಿನ್ಸಸ್ ಎಂಬುದನ್ನೂ ಇದು ಹೇಳದು. ಅದಕ್ಕೆ ಡಿಎನ್‌ಎಯಿಂದ ಗುರುತು ಹಿಡಿಯುವ ಪಿಸಿಆರ್ ಪರೀಕ್ಷೆ ಬೇಕು.

ಸಿಂಪಿಗೆ ಲಸಿಕೆ ಹಾಕಬಹುದೇ?

ನಮಗೆ ಹಾಕುವಂಥ ಲಸಿಕೆ ಸಾಧ್ಯವಿಲ್ಲ, ನೆನಪಿಡುವ ಲಿಂಫೋಸೈಟ್‌ಗಳೇ ಇಲ್ಲ. ಹಾಗಿದ್ದೂ ಪಾಲಿ-ಐಸಿ ಎಂಬ ಕೃತಕ ಜೋಡಿಎಳೆ ಆರ್‌ಎನ್‌ಎ ಚುಚ್ಚಿದ ಪೆಸಿಫಿಕ್ ಸಿಂಪಿಗಳು ಹರ್ಪಿಸ್ ವೈರಸ್ಸಿನಿಂದ ಕನಿಷ್ಠ ಐದು ತಿಂಗಳು ರಕ್ಷಣೆ ಪಡೆದವು. ಪ್ರಯೋಗಾಲಯದಲ್ಲಿ ಇದು ಸೊಗಸು. ಲಕ್ಷಗಟ್ಟಲೆ ಮರಿಗಳಿಗೆ ಸೂಜಿ ಚುಚ್ಚುವವರು ಯಾರು?

ಸಿಗಡಿಯ ರಕ್ತಕಣಗಳು ಹೇಗೆ ಬೇರೆ?

ಸಿಗಡಿಯ ರಕ್ತ ನಿಜವಾಗಿಯೂ ಹೆಪ್ಪುಗಟ್ಟುತ್ತದೆ. ಗಾಯವಾದೊಡನೆ ಕಣಗಳು ಟ್ರಾನ್ಸ್‌ಗ್ಲುಟಾಮಿನೇಸ್ ಬಿಡುಗಡೆ ಮಾಡಿ ಪ್ಲಾಸ್ಮಾದ ಪ್ರೋಟೀನನ್ನು ಹೆಣೆಯುತ್ತವೆ. ಹೀಗಾಗಿ ಸಿರಿಂಜಿನಲ್ಲಿ ಮೊದಲೇ ಹೆಪ್ಪುನಿರೋಧಕ ದ್ರಾವಣ ತುಂಬಿಕೊಂಡೇ ಚುಚ್ಚಬೇಕು; ಇಲ್ಲವಾದರೆ ಸೂಜಿಯೊಳಗೇ ಗಂಜಿಯಾಗುತ್ತದೆ. ಇನ್ನೊಂದು ವಿಶೇಷ ಪ್ರೊಫೀನಾಲ್‌ಆಕ್ಸಿಡೇಸ್ ವ್ಯವಸ್ಥೆ. ಹರಳಿರುವ ಕಣಗಳು ಒಡೆದು ಈ ಕಿಣ್ವವನ್ನು ಹೊರಬಿಟ್ಟಾಗ ಕಪ್ಪು ಮೆಲನಿನ್ ಹುಟ್ಟಿ ಶತ್ರುವನ್ನು ಮುಚ್ಚುತ್ತದೆ. ಸಿಗಡಿಯ ಚಿಪ್ಪಿನ ಮೇಲಿನ ಕಪ್ಪು ಕಲೆಗಳಲ್ಲಿ ಹಲವು ಹಳೆಯ ಗಾಯಗಳ ಗುರುತು.

ಬಿಳಿಚುಕ್ಕೆ ವೈರಸ್ 1990ರ ದಶಕದ ಮಧ್ಯದಲ್ಲಿ ಭಾರತದ ಸಿಗಡಿ ಕೊಳಗಳಿಗೆ ಬಂದಾಗ ಕುಮಟಾ, ಕುಂದಾಪುರದ ಕಡೆಯ ಬೆಳೆಗಾರರೂ ಪೆಟ್ಟು ತಿಂದರು. ರಕ್ತಕಣಗಳಲ್ಲಿ ಆ ವೈರಸ್ ಹೆಚ್ಚಾಗಿ ತಗುಲುವುದು ಹರಳಿರುವ ಮತ್ತು ಅರೆಹರಳಿನ ಕಣಗಳಿಗೆ. ಎಣಿಕೆ ಕುಸಿಯುತ್ತದೆ, ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ.

ರೋಗನಿರೋಧಕ ಹೆಚ್ಚಿಸುವ ಪುಡಿಗಳು ಕೆಲಸ ಮಾಡುತ್ತವೆಯೇ?

ಬೀಟಾ-ಗ್ಲುಕಾನ್ ಸಿಗಡಿಯ ಕಣಗಳನ್ನು ಎಚ್ಚರಿಸುವುದು ನಿಜ. ಆ ಎಚ್ಚರ ಕೆಲವು ದಿನಗಳದ್ದು. ಬಿಡದೆ ತಿನ್ನಿಸಿದರೆ ಪ್ರತಿಕ್ರಿಯೆ ದಣಿಯುತ್ತದೆ, ಅತಿಯಾದರೆ ಪ್ರಾಣಿಗೇ ಹಾನಿ. ವೈರಸ್ ಇರುವ ಮರಿಯನ್ನು ಯಾವ ಪುಡಿಯೂ ಗುಣಪಡಿಸದು. ಪಿಸಿಆರ್ ಪರೀಕ್ಷೆಯಾದ ಮರಿಗಳಿಗೆ ಹಾಕಿದ ಹಣ ಪುಡಿಗೆ ಹಾಕಿದ್ದಕ್ಕಿಂತ ಸಾರ್ಥಕ.

ಇಷ್ಟು ಒಳ್ಳೆಯ ರಕ್ಷಣೆ ಇರುವಾಗ ಹಸಿಯಾಗಿ ತಿಂದರೆ ಏನು?

ಅವುಗಳ ರಕ್ಷಣೆ ಅವುಗಳಿಗೆ. ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್, ನೊರೊವೈರಸ್, ಹೆಪಟೈಟಿಸ್-ಎ ವೈರಸ್ ಇವು ಸಿಂಪಿಗೆ ರೋಗ ತರದೆ ಅದರೊಳಗೆ ಇರಬಲ್ಲವು; ಕೆಲವು ವೈರಸ್‌ಗಳು ಹೀಮೋಸೈಟ್‌ಗಳಲ್ಲೇ ಅಡಗಿ ಉಳಿಯುತ್ತವೆ. ಶುದ್ಧನೀರಿನಲ್ಲಿ 24ರಿಂದ 48 ಗಂಟೆ ಇಡುವ ಕ್ರಮದಿಂದ ಮಲದ ಬ್ಯಾಕ್ಟೀರಿಯಾ ಬಹಳಷ್ಟು ಹೋದರೂ ವೈರಸ್ ಮತ್ತು ವಿಬ್ರಿಯೊ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಕುದಿಯುವ ನೀರಿನಲ್ಲಿ ಚಿಪ್ಪು ಬಾಯಿಬಿಟ್ಟ ಮೇಲೂ 3ರಿಂದ 5 ನಿಮಿಷ ಬೇಯಿಸಿ. ಬೇಯಿಸುವ ಮೊದಲೇ ಬಾಯಿಬಿಟ್ಟು, ತಟ್ಟಿದರೂ ಮುಚ್ಚದವನ್ನು ಎಸೆಯಿರಿ.

ಬೇಯಿಸಿದರೂ ಹೋಗದ್ದು ಪಾಚಿವಿಷ. 1983ರಲ್ಲಿ ಮಂಗಳೂರಿನ ಹತ್ತಿರ ಬಳಚು ತಿಂದವರಿಗೆ ಪಾರ್ಶ್ವವಾಯು ತರುವ ಇಂಥ ವಿಷ ತಗುಲಿದ ಪ್ರಕರಣ ದಾಖಲಾಗಿದೆ. ತಿಂದ ಕೆಲವೇ ಹೊತ್ತಿನಲ್ಲಿ ತುಟಿ, ನಾಲಿಗೆ ಜುಮ್ಮೆಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಏನು ತಿಂದಿರಿ ಎಂಬುದನ್ನು ವೈದ್ಯರಿಗೆ ಹೇಳಿ, ಉಳಿದದ್ದನ್ನು ಎಸೆಯದೆ ಪರೀಕ್ಷೆಗೆ ಫ್ರೀಜರಿನಲ್ಲಿಡಿ.